ಪಾತ್ರೆ ತೊಳೆಯುವ ಯಂತ್ರದಲ್ಲಿಟ್ಟ ಡಿಸ್ಕ್

ಚಂಡಮಾರುತ ಬರುತ್ತಿದೆ, ಊರು ಬಿಡಿ ಎಂದು ರೇಡಿಯೊ ಬೆಳಗಿನಿಂದ ಬಡಕೊಳ್ಳುತ್ತಲೇ ಇತ್ತು. ಅಮೆರಿಕದ ಲೂಸಿಯಾನಾ ರಾಜ್ಯದ ಕರಾವಳಿಯವರಿಗೆ ಇದು ಹೊಸತಲ್ಲ. ಕಿಟಕಿಗೆ ಹಲಗೆ ಬಡಿಯುತ್ತಾರೆ, ಫ್ರಿಜ್‌ನಲ್ಲಿರುವ ಸೀಗಡಿಯನ್ನೆಲ್ಲ ಬೇಯಿಸಿ ತಿಂದು ಮುಗಿಸುತ್ತಾರೆ, ಮುಖ್ಯವಾದ ವಸ್ತುಗಳನ್ನು ಪಾತ್ರೆ ತೊಳೆಯುವ ಯಂತ್ರದೊಳಗಿಟ್ಟು ಬಾಗಿಲು ಬಿಗಿಯುತ್ತಾರೆ. ಒಳಗಿನ ನೀರು ಹೊರಗೆ ಬಾರದ ಮೇಲೆ ಹೊರಗಿನದು ಒಳಗೆ ಹೇಗೆ ಬಂದೀತು ಎಂಬುದು ಹಿರಿಯರ ಕಾಲದಿಂದ ಬಂದ ನಂಬಿಕೆ.

ಒಡಿಲ್‌ಳ ಗಂಡ ಕ್ಲೋವಿಸ್ ಕೂಡ ಅದನ್ನೇ ಮಾಡಿದ. ಗಂಡ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಆಮ್ಲಜನಕದ ಸಿಲಿಂಡರ್ ಅಂಗಡಿ ನಡೆಸುತ್ತಿದ್ದರು. ಯಾವ ರೋಗಿಗೆ ಎಷ್ಟು ಬೇಕು, ಯಾವಾಗ ಖಾಲಿಯಾಗುತ್ತದೆ, ಊರು ಬಿಟ್ಟರೆ ಯಾವ ನೆಂಟರ ಮನೆಗೆ ಹೋಗುತ್ತಾರೆ, ಎಲ್ಲವೂ ಅಂಗಡಿಯ ಕಂಪ್ಯೂಟರಿನಲ್ಲಿತ್ತು. ಅದರ ನಕಲಿದ್ದ ಪುಟ್ಟ ಡಿಸ್ಕನ್ನು ಕ್ಲೋವಿಸ್ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಯಂತ್ರದೊಳಗಿಟ್ಟ.

ಅಷ್ಟರಲ್ಲಿ ಪಕ್ಕದ ಪ್ರಾಣಿ ಆಸ್ಪತ್ರೆಯ ವರ್ನಾ ಬಂದಳು.

"ಅಯ್ಯೋ ಮಾರಾಯ, ಅದರೊಳಗ್ಯಾಕೆ ಇಟ್ಟೆ? ನಮ್ಮದರಲ್ಲಿ ಹೋದ ಸಲ ಮೋರಿ ಪೈಪಿನಿಂದಲೇ ಕೊಚ್ಚೆ ಏರಿ ಬಂದಿತ್ತು."

"ನಮ್ಮಮ್ಮ ಹಿಂಗೇ ಇಡ್ತಿದ್ಳು."

"ನಿಮ್ಮಮ್ಮ ಇಟ್ಟಿದ್ದು ಬೆಳ್ಳಿ ಚಮಚ. ತೊಳೆದ್ರೆ ಸರಿಹೋಗುತ್ತೆ. ಇದು ಹೋಗುತ್ತಾ?"

ಒಡಿಲ್ ಡಿಸ್ಕ್ ತೆಗೆಯಲು ಕೈ ಹಾಕಿದಳು.

"ಮುಟ್ಟಬೇಡ," ಎಂದ ಕ್ಲೋವಿಸ್. "ಹೋದ ಸಲ ಜೊತೆಗೆ ಒಯ್ದು ಟ್ರಕ್ ಸಮೇತ ಮುಳುಗಿಸಿದ್ದು ಸಾಲದಾ?"

"ಹಂಗಾದ್ರೆ ದೂರದ ಊರಿಗೇ ಕಳಿಸು," ಎಂದಳು ವರ್ನಾ. "ಇಂಟರ್‌ನೆಟ್ ಮೂಲಕ ಬೇರೆ ರಾಜ್ಯದ ಕಂಪ್ಯೂಟರಿನಲ್ಲಿ ಒಂದು ನಕಲು ಇಡ್ತಾರೆ. ನಾನು ಹಂಗೇ ಮಾಡಿದೀನಿ. ಈ ಬಿರುಗಾಳಿ ಅಲ್ಲಿಗೆ ಹೋಗಲ್ಲ."

"ನಮ್ಮ ರೋಗಿಗಳ ಕಾಯಿಲೆ ಕಸಾಲೆನೆಲ್ಲ ಯಾರೋ ಓದಬೇಕಾ?"

"ಬೀಗ ಹಾಕಿಯೇ ಕಳಿಸೋದು ಕಣೋ. ಬೀಗದ ಗುಟ್ಟು, ಅಂದ್ರೆ ಪಾಸ್‌ವರ್ಡ್, ನಿನ್ನ ಹತ್ರ. ಇಟ್ಟುಕೊಂಡವರಿಗೂ ಓದೋಕಾಗಲ್ಲ."

ಕ್ಲೋವಿಸ್ ಮುಖ ಗಂಟಿಕ್ಕಿದ. ಒಡಿಲ್ ಕಾಯಲಿಲ್ಲ. ವರ್ನಾ ಹೇಳಿಕೊಟ್ಟಂತೆ ಕಳಿಸಲು ಶುರು ಮಾಡಿದಳು. ಮೊದಲ ಸಲ, ವರ್ಷಗಟ್ಟಲೆ ಸೇರಿದ್ದ ದಾಖಲೆ. ಆಮೆ ನಡಿಗೆಯಲ್ಲಿ ಹೋಗುತ್ತಿತ್ತು. ಗಾಳಿ ಜೋರಾಯಿತು. ದೀಪ ಒಮ್ಮೆ ಮಿಣುಕಿ ಆರಿಹೋಯಿತು, ಕಂಪ್ಯೂಟರೂ ನಿಂತಿತು. "ನಡಿಯೇ, ಇನ್ನು ತಡ ಮಾಡಿದ್ರೆ ರಸ್ತೆ ಇರಲ್ಲ," ಎಂದು ಕ್ಲೋವಿಸ್ ಕೈಹಿಡಿದು ಎಳೆದ. ಸಿಲಿಂಡರ್ ತುಂಬಿದ ಟ್ರಕ್ಕಿನಲ್ಲಿ ಹೊರಟರು.

ಮನೆಯೊಳಗೆ ಎದೆಯೆತ್ತರ ನೀರು ನಿಂತಿದೆ ಎಂದು ಮರುದಿನ ತಿಳಿಯಿತು. ಕಂಪ್ಯೂಟರೂ ಹೋಯಿತು, ಯಂತ್ರದೊಳಗಿನ ಡಿಸ್ಕೂ ಹೋಯಿತು. ದೂರದ ವಸತಿಗೃಹದಲ್ಲಿ ಕುಳಿತು ಒಡಿಲ್ ಅಲ್ಲಿನ ಕಂಪ್ಯೂಟರಿನಲ್ಲಿ ನಕಲನ್ನು ತೆರೆದಳು. ಅರ್ಧ ಬಂದಿತ್ತು. ಆ ಅರ್ಧದಲ್ಲಿದ್ದವರಿಗೆಲ್ಲ ಫೋನು ಮಾಡಿ ಸಿಲಿಂಡರ್ ಮುಟ್ಟಿಸಿದರು.

ಬಾರದೆ ಉಳಿದದ್ದು ಹೆಚ್ಚಾಗಿ ಹಳೆಯ ಲೆಕ್ಕಪತ್ರ; ಈಗಿನ ರೋಗಿಗಳಲ್ಲಿ ಯೂಲಿಸ್ ಅಜ್ಜನ ಹೆಸರು ಮಾತ್ರ ಅದರಲ್ಲಿರಲಿಲ್ಲ. ಅವನ ಬಳಿಯಿದ್ದ ಸಿಲಿಂಡರ್ ಸಂಜೆಯವರೆಗೂ ಸಾಲುವುದು ಅನುಮಾನ.

"ಅವನ ಮಗಳ ಊರು ಯಾವುದೇ?"

"ನೆನಪಿಗೆ ಬರ್ತಿಲ್ಲ ಕ್ಲೋವಿಸ್. ಅವನ ಫೋನೂ ಸತ್ತಿದೆ," ಎಂದು ಒಡಿಲ್ ಅತ್ತುಬಿಟ್ಟಳು.

ಪಟ್ಟಿಯಲ್ಲಿ ಅಜ್ಜನ ನೆರೆಮನೆಯ ಹೆಂಗಸಿನ ನಂಬರಿತ್ತು. "ಅವನನ್ನ ಸರ್ಕಾರಿ ಬಸ್ಸಿಗೆ ಹತ್ತಿಸಿದ್ರು, ಯಾವುದೋ ಚರ್ಚಿಗೆ," ಎಂದಳು ಆಕೆ. ಕ್ಲೋವಿಸ್ ಚರ್ಚಿನಿಂದ ಚರ್ಚಿಗೆ ಟ್ರಕ್ ಓಡಿಸಿದ. ಕೊನೆಗೊಂದು ಸಭಾಂಗಣದ ಮೂಲೆಯಲ್ಲಿ ಅಜ್ಜ ಸಿಕ್ಕಿದ. ತುಟಿ ನೀಲಿಗಟ್ಟಿತ್ತು. ಕ್ಲೋವಿಸ್ ಕೊಳವೆ ಜೋಡಿಸಿ, ಅವನ ಉಸಿರು ಹದಕ್ಕೆ ಬರುವವರೆಗೂ ಕೈ ಹಿಡಿದು ಕುಳಿತ.

"ಎಲ್ಲರಿಗೂ ಬಂತಂತೆ. ನನ್ನ ಮರೆತ್ರಾ?" ಎಂದ ಅಜ್ಜ.

"ಮರೀಲಿಲ್ಲ ಅಜ್ಜ. ನಿನ್ನ ಹೆಸರನ್ನ ಕಳಿಸೋಕೆ ಹೊತ್ತು ಸಾಲಲಿಲ್ಲ," ಎಂದ ಕ್ಲೋವಿಸ್. ವಸತಿಗೃಹಕ್ಕೆ ಬಂದವನೇ, "ಇನ್ನು ನಕಲು ದಿನಾ ತಾನಾಗಿಯೇ ಹೋಗೋ ಹಂಗೆ ಮಾಡೇ," ಎಂದು ಒಡಿಲ್‌ಗೆ ಹೇಳಿದ.

ಅಂಗಡಿ ನಡೆಸುವ ಅಕ್ಕ ಅಣ್ಣಂದಿರೇ, ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬೇಡಿ. ನಿಮ್ಮ ದಾಖಲೆಯ ಒಂದು ನಕಲು ದೂರದೂರಿನಲ್ಲಿರಲಿ, ದಿನವೂ ತಾನಾಗಿ ಹೋಗುತ್ತಿರಲಿ. ಬೀಗದ ಗುಟ್ಟು ಮನೆಯ ಇಬ್ಬರಿಗೆ ಗೊತ್ತಿರಲಿ. ಆಗಾಗ ತೆರೆದು, ಎಲ್ಲರ ಹೆಸರೂ ಬಂದಿದೆಯೇ ನೋಡಿ. ಬಾರದೆ ಉಳಿದ ಆ ಒಂದು ಹೆಸರಿನವರು ಎಲ್ಲೋ ಕುಳಿತು ನಿಮ್ಮ ದಾರಿಯನ್ನೇ ಕಾಯುತ್ತಿರಬಹುದು.