ತಿರುಗಿ ನೋಡಬೇಡಿ

ಮೊದಲು ಕಿರುಬೆರಳು ಬಿಡಿಸಬೇಕು. ಮಣಿಕಟ್ಟು ಹಿಡಿದು ಎಳೆದರೆ ಮಗುವಿನ ಹಿಡಿತ ಇನ್ನೂ ಬಿಗಿಯಾಗುತ್ತದೆ. ಕಿರುಬೆರಳು ಬಿಟ್ಟುಕೊಟ್ಟರೆ ಉಳಿದವು ತಾವಾಗಿಯೇ ಸೋಲುತ್ತವೆ. ಶಾಲೆಯ ಗೇಟಿನ ಬಳಿ ಟೀಚರ್ ಹುಡುಗನೊಬ್ಬನ ಕಿರುಬೆರಳನ್ನು ಅವನ ತಾಯಿಯ ಕೈಚೀಲದ ಪಟ್ಟಿಯಿಂದ ಬಿಡಿಸಿದಳು. ಹುಡುಗ ಅವಳ ಹೆಗಲಿಗೆ ಬಂದು ಬಿದ್ದು ಕಿವಿಯಲ್ಲೇ ಕಿರುಚಿದ.

“ಹೋಗಿ. ತಿರುಗಿ ನೋಡಬೇಡಿ,” ಎಂದಳು ತಾಯಿಗೆ. “ನೀವು ನೋಡಿದಷ್ಟೂ ಅಳು ಜಾಸ್ತಿ. ಕಣ್ಮರೆಯಾದ್ರೆ ತಾನೇ ಸುಮ್ಮನಾಗ್ತಾನೆ.”

ಆ ಹೆಂಗಸು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಓಡಿದಂತೆ ಹೋದಳು. ತಿರುಗಿ ನೋಡಲಿಲ್ಲ.

“ನಿಮ್ಮನ್ನ ಗೇಟಿಗೆ ನಿಲ್ಲಿಸಿದ್ರೆ ಚಿಲಕಾನೇ ಬೇಡ ಬಿಡಿ ಟೀಚರಮ್ಮ,” ಎಂದಳು ಆಯಾ, ಇನ್ನೊಂದು ಮಗುವಿನ ಮೂಗು ಒರೆಸುತ್ತಾ. “ಕಲ್ಲು ಮನಸ್ಸು ನಿಮ್ದು. ಹೊಗಳಿಕೆ ಇದು, ತಪ್ಪು ತಿಳೀಬೇಡಿ.”

ಟೀಚರ್ ನಕ್ಕಳು. ಅವಳ ಸ್ವಂತ ಮಗಳಿಗೂ ಅಂದೇ ಶಾಲೆಯ ಮೊದಲ ದಿನ. ಈ ಶಾಲೆಯಲ್ಲಿ ಅಲ್ಲ, ಮನೆ ಹತ್ತಿರದ ಬೇರೆ ಶಾಲೆಯಲ್ಲಿ. ಇಲ್ಲಿ ಸೀಟು ಕೇಳಿದಾಗ ಹೆಡ್‌ಮಿಸ್, “ನಿಮ್ಮ ಮಗಳು ನಿಮ್ಮ ಕ್ಲಾಸಲ್ಲೇ ಕೂತ್ರೆ ಬೇರೆ ತಂದೆತಾಯಿ ಏನಂತಾರೆ?” ಎಂದಿದ್ದರು. ಹೋಗಲಿ, ಮೊದಲ ದಿನ ಬೆಳಿಗ್ಗೆ ಒಂದಿಷ್ಟು ಹೊತ್ತು ರಜೆ ಕೊಡಿ ಎಂದದ್ದಕ್ಕೆ, “ಮೊದಲ ವಾರ ಟೀಚರ್‌ಗಳಿಗೆ ಮನೆಯೇ ಇಲ್ಲ ಅಂದ್ಕೊಳ್ಳಿ” ಎಂದು ಜೋಕು ಮಾಡಿದ್ದರು. ಸ್ಟಾಫ್ ರೂಮು ನಕ್ಕಿತ್ತು. ತಾನೂ ನಕ್ಕಿದ್ದಳು. ಅದು ನೆನಪಾದಾಗಲೆಲ್ಲ ತನ್ನ ಹಲ್ಲುಗಳ ಮೇಲೇ ಅವಳಿಗೆ ಸಿಟ್ಟು ಬರುತ್ತಿತ್ತು. ಊರವರ ಮಕ್ಕಳ ಸಿಂಬಳ ಒರೆಸಲು ಅವಳ ಕೈ ಬೇಕು, ಅವಳ ಮಗಳ ಕೈ ಹಿಡಿಯಲು ಮಾತ್ರ ಆ ಕೈಗೆ ಪುರುಸೊತ್ತಿಲ್ಲ.

ಹಾಗಾಗಿ ಮಗಳನ್ನು ಬಿಡುವ ಕೆಲಸ ಗಂಡನ ಪಾಲಿಗೆ ಬಂತು. ಅವನು ವೆಲ್ಡರ್. ಐದನೇ ಕ್ಲಾಸಿಗೇ ಶಾಲೆಗೆ ಬೆನ್ನು ತೋರಿಸಿದವನು. ಎಂಥ ಕಬ್ಬಿಣಕ್ಕೂ ಬಗ್ಗದವನಿಗೆ ಶಾಲೆಯ ಗೇಟು ಕಂಡರೆ ಈಗಲೂ ಅಂಗೈ ಬೆವರುತ್ತಿತ್ತು.

“ಒಂದೇ ಒಂದು ಸಲನೂ ನೋಡಬಾರದಾ?” ಎಂದು ಕೇಳಿದ್ದ.

“ಟೀಚರ್ ನೀನಾ ನಾನಾ? ಒಳಗೆ ಬಿಡು, ತಿರುಗು, ನಡಿ. ಅಷ್ಟೇ.”

ಮಗಳಿಗೂ ಪಾಠವಾಗಿತ್ತು: ಶಾಲೆಯಲ್ಲಿ ಅಳಬಾರದು, ಅಪ್ಪನನ್ನು ಕೂಗಬಾರದು. ಹೇಳಿದ್ದನ್ನು ಕೇಳುವ ಮಗು. ಅಪ್ಪನ ಅಂಗಡಿಗೆ ಹೋದರೆ ಕಿಡಿ ಏಳುವ ಮೊದಲೇ ದೂರ ನಿಂತು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಮನೆಯಲ್ಲಿ ಯಾರು ಯಾವ ಕೋಣೆಗೆ ಹೋದರೂ ಹಿಂದೆಯೇ ಸದ್ದಿಲ್ಲದೆ ಬರುತ್ತಾಳೆಂದು ಅಪ್ಪ ಅವಳನ್ನು ಇರುವೆ ಎಂದು ಕರೆಯುತ್ತಿದ್ದ.

ಮಕ್ಕಳನ್ನೆಲ್ಲ ಚಾಪೆಯ ಮೇಲೆ ಕೂರಿಸಿ ಹಾಡು ಶುರು ಮಾಡುವಷ್ಟರಲ್ಲಿ ಆಯಾ ಬಾಗಿಲಿಗೆ ಬಂದಳು. “ಆಫೀಸಿಗೆ ಫೋನು. ನಿಮ್ಮೆಜಮಾನ್ರು.”

ಆ ವಾರ ಟೀಚರ್‌ಗಳ ಮೊಬೈಲುಗಳೆಲ್ಲ ಹೆಡ್‌ಮಿಸ್ಸಿನ ಡ್ರಾಯರಿನಲ್ಲಿದ್ದವು. ಆಫೀಸಿನ ಫೋನು ಕಿವಿಗಿಟ್ಟಾಗ ಮೊದಲು ಕೇಳಿಸಿದ್ದು ಅವನ ಉಸಿರು.

“ಇರುವೆ ಅಲ್ಲಿಗೇನಾದ್ರೂ ಬಂದಳಾ?”

“ಇಲ್ಲಿಗಾ? ಇಲ್ಲಿಗೆ ಯಾಕೆ ಬರ್ತಾಳೆ?”

“ಅವರ ಶಾಲೆಯಿಂದ ಫೋನು ಮಾಡಿದ್ರು. ಮಗು ಯಾಕೆ ಬಂದಿಲ್ಲ ಅಂತಾರೆ. ನಾನೇ ಬಿಟ್ಟೆ ಕಣೇ. ಗೇಟಿನೊಳಗೇ ಬಿಟ್ಟೆ. ಅಲ್ಲಿ ಒಂದು ಹಿಂಡು ಮಕ್ಕಳು ಹೊರಳಾಡಿ ಅಳ್ತಿದ್ವು. ಇವಳು ಸುಮ್ಮನಿದ್ಳು. ನೀ ಹೇಳಿದ ಹಾಗೇ ನಾನು ತಿರುಗಿ ನೋಡ್ಲಿಲ್ಲ.”

ಹೆಡ್‌ಮಿಸ್ ಕನ್ನಡಕ ತೆಗೆದರು. “ಗಾಬರಿ ಆಗಬೇಡಿ. ಬದಲಿ ಟೀಚರ್ ಯಾರಿದ್ದಾರೆ ನೋಡ್ತೀನಿ, ಈ ಪೀರಿಯಡ್ ಮುಗಿಲಿ...”

“ನಿಮ್ಮ ಪೀರಿಯಡ್ಡು ನೀವೇ ಇಟ್ಕೊಳ್ಳಿ,” ಎಂದದ್ದು ತನ್ನ ಬಾಯೇ ಎಂದು ಅವಳಿಗೆ ನಂಬಿಕೆಯಾಗಲಿಲ್ಲ.

“ನೀವು ಓಡಿ,” ಎಂದಳು ಆಯಾ. “ನಂಗೆ ಬರೋದು ಒಂದೇ ಹಾಡು. ಅದನ್ನೇ ತಿರುವಿ ಮುರುವಿ ಹಾಡ್ತೀನಿ.”

ಓಡುವಾಗ ಬೀದಿಯಲ್ಲಿ ಎಲ್ಲವೂ ಅವಳ ಮಗಳಷ್ಟೇ ಎತ್ತರಕ್ಕೆ ಕಂಡವು. ನೀರಿನ ನಲ್ಲಿ. ಅಂಗಡಿಯ ಮುಂದಿನ ಮೂಟೆ. ಬಸ್ಸಿನ ಚಕ್ರ. ಬಸ್ಸಿನ ಚಕ್ರ ಮಗಳಿಗಿಂತ ಎತ್ತರವಿತ್ತು. ಚಪ್ಪಲಿಯ ಉಂಗುಷ್ಠ ಕಿತ್ತಿತು. ಚಪ್ಪಲಿ ಅಲ್ಲೇ ಬಿಟ್ಟಳು.

ದೊಡ್ಡ ರಸ್ತೆಯ ಅಂಚಿನಲ್ಲಿ ಗಂಡ ಸಿಕ್ಕಿದ. ವೆಲ್ಡಿಂಗ್ ಮುಖವಾಡ ಇನ್ನೂ ತಲೆಯ ಮೇಲೆಯೇ ಇತ್ತು. ಸಿಕ್ಕವರನ್ನೆಲ್ಲ ತಡೆದು ಸೊಂಟದ ಹತ್ತಿರ ಕೈಯಿಟ್ಟು, “ಇಷ್ಟುದ್ದ, ಹಳದಿ ಬ್ಯಾಗು” ಎನ್ನುತ್ತಿದ್ದ.

“ಒಂದು ಸಲ ನೋಡೋಕೆ ಏನು ಕತ್ತು ಉಳುಕಿತ್ತಾ ನಿಂಗೆ?” ಎಂದು ಅವಳು ಅವನ ಅಂಗಿ ಹಿಡಿದಳು.

“ನೀನೇ ತಾನೇ ಬೇಡ ಅಂದಿದ್ದು!” ಎಂದ. “ಹುಟ್ಟಿದ ಮೇಲೆ ಮೊದಲ್ನೇ ಸಲ ಟೀಚರ್ ಹೇಳಿದ ಮಾತು ಕೇಳಿದೀನಿ ಕಣೇ. ನೋಡು, ಏನಾಯ್ತು.”

ಅವಳ ಕೈ ಸಡಿಲವಾಯಿತು.

“ಇಲ್ಲೇ ರಸ್ತೆ ದಾಟಿದೆ,” ಎಂದ, ಮೆಲ್ಲಗೆ. “ಹಿಂದೆ ಒಂದು ಲಾರಿ ಜೋರಾಗಿ ಹಾರ್ನ್ ಹೊಡೀತು. ಬ್ರೇಕೂ ಹಾಕ್ತು. ನಂಗೇ ಹೊಡೀತು ಅಂದ್ಕೊಂಡೆ.”

ಇಬ್ಬರೂ ರಸ್ತೆ ನೋಡಿದರು. ಡಾಂಬರಿನ ಮೇಲೆ ಚಕ್ರದ ಕಪ್ಪು ಗೆರೆ ಬಿಟ್ಟರೆ ಏನೂ ಇರಲಿಲ್ಲ. ಆ ಏನೂ ಇಲ್ಲದ್ದನ್ನು ಅವಳು ಎಷ್ಟೋ ಹೊತ್ತು ನೋಡಿದಳು.

“ದಾಟಿ ಎಲ್ಲಿಗೆ ಹೋದೆ?”

“ನೇರ ಅಂಗಡಿಗೆ. ಮನಸ್ಸು ಸರಿ ಇರ್ಲಿಲ್ಲ. ಹೋದವನೇ ಮುಖವಾಡ ಇಳಿಸಿ ಬೆಂಕಿ ಹಚ್ಚಿದೆ...”

ಅವನು ಹೆಂಡತಿಯ ಮುಖ ನೋಡಿದ. ಆಮೇಲೆ ಇಬ್ಬರೂ ಓಡಿದರು.

ಅಂಗಡಿಯ ಬಾಗಿಲು ತೆರೆದೇ ಇತ್ತು. ಅರ್ಧ ಮುಗಿದ ಕಿಟಕಿಯ ಸರಳುಗಳು, ಸುಟ್ಟ ಕಬ್ಬಿಣದ ವಾಸನೆ. ಬಾಗಿಲ ಪಕ್ಕ, ದಾರಿಹೋಕರ ಕಣ್ಣಿಗೆ ಕಿಡಿಯ ಬೆಳಕು ಬೀಳದಂತೆ ನಿಲ್ಲಿಸಿದ ತಗಡಿನ ಮರೆ. ಅದರ ಹಿಂದೆ ಗೋಡೆಗೆ ಮುಖ ಮಾಡಿ ಮಗಳು ನಿಂತಿದ್ದಳು. ಬೆನ್ನಿಗೆ ಹಳದಿ ಬ್ಯಾಗು. ಎರಡೂ ಅಂಗೈಗಳನ್ನು ಕಣ್ಣಿಗೆ ಒತ್ತಿಕೊಂಡಿದ್ದಳು. ಕಾಲಡಿ ನೆಲ ಒದ್ದೆಯಾಗಿತ್ತು. ಫೋನು ಬಂದಾಗ ಅಪ್ಪ ಅವಳನ್ನು ಹಾದೇ ಹೊರಗೆ ಓಡಿದ್ದ.

ಹೆಜ್ಜೆಯ ಸದ್ದಿಗೆ ಮಗು ಅಲುಗಲಿಲ್ಲ.

“ಅಪ್ಪಾ,” ಎಂದಿತು ಗೋಡೆಗೆ, “ಬೆಂಕಿ ಮುಗೀತಾ? ಕಣ್ಣು ಬಿಡ್ಲಾ?”

ಟೀಚರ್ ಮಂಡಿಯೂರಿ ಮಗಳ ಕೈಗಳನ್ನು ಹಿಡಿದಳು. ಕಿರುಬೆರಳಿನಿಂದ ಶುರು ಮಾಡಿ ಒಂದೊಂದೇ ಬಿಡಿಸಿದಳು.

“ನಾನು ಅಳಲಿಲ್ಲ, ಕೂಗಲಿಲ್ಲ,” ಎಂದಳು ಮಗಳು ಅಮ್ಮನನ್ನು ಕಂಡು. “ಲಾರಿ ಕೂಗ್ತು.”

ಮರುದಿನ ಬೆಳಿಗ್ಗೆ ವೆಲ್ಡರ್ ಮಗಳನ್ನು ಗೇಟಿನೊಳಗೆ ಬಿಟ್ಟ. ಕಾವಲುಗಾರ ಚಿಲಕ ಹಾಕಿದ ಮೇಲೂ ಅವನು ತಿರುಗಲಿಲ್ಲ. ಮುಖ ಗೇಟಿನ ಕಡೆಗೇ ಇಟ್ಟುಕೊಂಡು ಹಿಂದು ಹಿಂದಕ್ಕೆ ನಡೆಯತೊಡಗಿದ. ತರಕಾರಿಯವಳೊಬ್ಬಳಿಗೆ ಡಿಕ್ಕಿ ಹೊಡೆದ. “ಬೆನ್ನಲ್ಲಿ ಕಣ್ಣಿದೆಯೇನಯ್ಯಾ?” ಎಂದು ಅವಳು ಬೈದಳು. ಅವನು ಕೈ ಬೀಸುತ್ತಲೇ ಇದ್ದ. ಸರಳುಗಳ ನಡುವಿನಿಂದ ಪುಟ್ಟ ಕೈಯೊಂದು ಬೀಸುತ್ತಿತ್ತು.

ಹಾಗೆಯೇ ಅವನ ಹಿಮ್ಮಡಿ ದೊಡ್ಡ ರಸ್ತೆಯ ಅಂಚಿಗೆ ಬಂತು. ರಸ್ತೆಯ ನಡುವೆ ಟೀಚರ್ ನಿಂತಿದ್ದಳು, ಅವನು ಹಾಗೆಯೇ ದಾಟಲೆಂದು ಎರಡೂ ಕೈ ಅಗಲಿಸಿ. ಅತ್ತ ಒಂದು ಬಸ್ಸು, ಇತ್ತ ಒಂದು ಲಾರಿ, ಹಾರ್ನ್ ಮೇಲೆ ಹಾರ್ನ್. ದೂರದಲ್ಲಿ ಅವಳ ಶಾಲೆಯ ಗಂಟೆ ಬಾರಿಸುತ್ತಿತ್ತು. ಅವಳು ಕೈ ಇಳಿಸಲಿಲ್ಲ.