ಹತ್ತೊಂಬತ್ತನೆಯ ದಿನದ ಮುದ್ದೆ

ಫ್ರಿಜ್ಜಿನ ಐಸ್ ಖಾನೆಯಲ್ಲಿ ಆಗಲೇ ಹದಿನಾಲ್ಕು ಡಬ್ಬಿಗಳು ಕೂತಿದ್ದವು: ಹೆಸರುಕಾಳಿನ ಬಸ್ಸಾರು, ಅವರೆಬೇಳೆ ಹುಳಿ, ಹುರುಳಿಕಾಳಿನ ಉಪ್ಪುಸಾರು. ಸೋಮವಾರ ಅಕ್ಕಯ್ಯಮ್ಮನ ಹೊಟ್ಟೆಯ ಆಪರೇಷನ್. ಆಮೇಲೆ ಆರು ವಾರ ಆಕೆ ಒಲೆಯ ಮುಂದೆ ನಿಲ್ಲುವಂತಿಲ್ಲ. ಅದಕ್ಕೇ ಗುರುವಾರದಿಂದ ಒಲೆಯ ಮುಂದಿನಿಂದ ಕದಲಿರಲಿಲ್ಲ.

ಶಾಲೆಯ ಬಸ್ಸು ಓಡಿಸಿ ನಿವೃತ್ತನಾದ ಗಂಡ ಮುನಿಕೃಷ್ಣಪ್ಪ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ.

"ಸಾಕು ಬಿಡೇ. ಡಾಕ್ಟ್ರು ಏನ್ ಏಳವ್ರೆ?"

"ಡಾಕ್ಟ್ರು ಏಳ್ತಾರೆ. ನಿಮ್ಗೆ ನೀರ್ ಕಾಯ್ಸಾಕೂ ಬರಲ್ಲ. ಆರು ವಾರ ಬೇಯ್ಸಿ ಆಕಾಕೆ ನಿಮ್ಮಮ್ಮ ಎದ್ದು ಬತ್ತಾರಾ?"

ಅವನು ನಗಬೇಕಿತ್ತು. ಆಕೆಯ ಸೆರಗಿನಡಿಯ ಉಬ್ಬನ್ನು ನೋಡಿದ.

ಹೊಕ್ಕುಳ ಪಕ್ಕದ ಆ ಹರ್ನಿಯಾವನ್ನು ಹೋದ ವರ್ಷವೇ ಒಮ್ಮೆ ಹೊಲಿದಿದ್ದರು. ಹೊಲಿಗೆ ಬಿಟ್ಟು, ಎರಡು ತಿಂಗಳೊಳಗೆ ಅದೇ ಜಾಗ ಮತ್ತೆ ಉಬ್ಬಿಕೊಂಡಿತು. "ಏನಮ್ಮಾ ಭಾರ ಎತ್ತಿದ್ರಿ?" ಎಂದು ಡಾಕ್ಟರು ಕೇಳಿದಾಗ ಅಕ್ಕಯ್ಯಮ್ಮ, "ನೀರಿನ ಕ್ಯಾನು" ಎಂದಿದ್ದಳು. "ಯಾಕೆ, ಮನೇಲಿ ಗಂಡಸ್ರಿಲ್ವಾ?" ಎಂದು ಡಾಕ್ಟರು ಗದರಿದರು. ಮನೆಯ ಗಂಡಸು ಗೋಡೆಯ ಮೇಲಿನ ಪಟದಲ್ಲಿ ಗುಲಾಬಿ ಬಣ್ಣದ ಕರುಳಿನ ಸುರುಳಿಗಳನ್ನು ನೋಡುತ್ತ ಕೂತಿದ್ದ.

ಕ್ಯಾನು ಸುಳ್ಳು. ಆಪರೇಷನ್ ಆದ ಹತ್ತೊಂಬತ್ತನೆಯ ದಿನ ಅವನು, "ಬರೀ ಅನ್ನ ತಿಂದು ತಿಂದು ಒಟ್ಟೇನೇ ತುಂಬ್ತಿಲ್ಲ" ಎಂದಷ್ಟೇ ಅಂದಿದ್ದ. ಮುದ್ದೆ ಬೇಕೆಂದು ಕೇಳಿರಲಿಲ್ಲ. ಹಾಗೆಂದು ವರ್ಷವಿಡೀ ತನಗೆ ತಾನೇ ಹೇಳಿಕೊಂಡಿದ್ದ. ಆದರೆ ಅಡುಗೆಮನೆಯಲ್ಲಿ ಮುದ್ದೆ ಕೋಲು ಪಾತ್ರೆಯ ತಳಕ್ಕೆ ಬಡಿಯುವ ಸದ್ದು ಕೇಳಿದಾಗ ಅವನು ಎದ್ದು ಹೋಗಿ ತಡೆದಿರಲಿಲ್ಲ. ಕೈ ತೊಳೆದುಕೊಂಡು ತಟ್ಟೆಯ ಮುಂದೆ ಕೂತಿದ್ದ. ತಟ್ಟೆಗೂ ಒಲೆಗೂ ನಡುವೆ ಇದ್ದದ್ದು ಎಂಟು ಹೆಜ್ಜೆ. ಒಂದು ವರ್ಷದಿಂದ ಅವನು ಆ ಎಂಟು ಹೆಜ್ಜೆಗಳನ್ನು ಮನಸ್ಸಿನಲ್ಲಿ ದಿನವೂ ನಡೆಯುತ್ತಿದ್ದ, ತಲುಪುತ್ತಿರಲಿಲ್ಲ.

ಈ ಸಲ ಒಳಗೆ ಬಲೆಯಂಥದ್ದನ್ನು ಇಟ್ಟು ಹೊಲಿಯುತ್ತಾರಂತೆ. ಇದೂ ಬಿಟ್ಟರೆ ಮೂರನೆಯ ಸಲ ಕೈ ಹಾಕುವುದು ಕಷ್ಟ ಎಂದಿದ್ದರು.

"ಎಲ್ಲಾ ಡಬ್ಬೀಲಿಡ್ಬೋದು. ಮುದ್ದೆ ಒಂದೇ ಇಡಾಕಾಗಲ್ಲ. ಅದೇ ಯೋಚ್ನೆ," ಎಂದಳು ಅಕ್ಕಯ್ಯಮ್ಮ.

"ನಾನೇ ತಿರುವ್ತೀನಿ. ತೋರ್ಸು."

"ನೀವಾ? ನಮ್ ಕೆಂಪಾಪುರದೋರೆಲ್ಲಾ ನೋಡಾಕ್ ಬತ್ತಾರೆ, ಟಿಕೆಟ್ ಇಡಾಣ."

ಅವನು ಕುರ್ಚಿ ತಂದು ಹಾಕಿದ. ಆಕೆ ಕೂತು ಹೇಳಿದಳು, ಅವನು ಮಾಡಿದ. ಕುದಿಯುವ ನೀರಿಗೆ ರಾಗಿಹಿಟ್ಟು ಗುಡ್ಡದಂತೆ ಬಿತ್ತು, ಬೆಂದಿತು. ಪಾತ್ರೆಯನ್ನು ಕೆಳಗಿಳಿಸಿ, ಪಾದಗಳ ನಡುವೆ ಬಟ್ಟೆಯಿಟ್ಟು ಒತ್ತಿ ಹಿಡಿದು, ಎರಡೂ ಕೈಯಲ್ಲಿ ಕೋಲು ಹಿಡಿದು ತಿರುವಿದ. ಕೋಲು ಅಲುಗಲಿಲ್ಲ.

"ಇನ್ನೂ ಜೋರಾಗಿ. ಅದೇನ್ ಪಾಯ್ಸಾನಾ?"

ಅವನು ಬಾಗಿ ಉಸಿರು ಬಿಗಿಹಿಡಿದು ಒತ್ತಿದ. ಆ ಒತ್ತಡ ಭುಜದಿಂದ ಹೊರಡಲಿಲ್ಲ, ತೋಳಿನಿಂದಲೂ ಅಲ್ಲ. ಹೊಕ್ಕುಳ ಹಿಂದಿನಿಂದ ಎದ್ದು ಬಂತು. ಹೊಟ್ಟೆಯ ಸ್ನಾಯುಗಳೆಲ್ಲ ಹಗ್ಗದಂತೆ ಬಿಗಿದವು, ಕೋಲು ತಿರುಗಿ ಹಿಟ್ಟು ಒಂದಾಯಿತು. ನಲವತ್ತು ವರ್ಷ ಉಂಡ ಮುದ್ದೆ ದೇಹದ ಯಾವ ಜಾಗದಿಂದ ಹುಟ್ಟುತ್ತದೆಂದು ಅವನಿಗೆ ಆಗ ತಿಳಿಯಿತು. ಕೋಲು ಬಿಟ್ಟು ನೆಟ್ಟಗೆ ನಿಂತ.

"ಅವತ್ತೇ ಅಲ್ವಾ ಹೊಲ್ಗೆ ಬಿಟ್ಟಿದ್ದು?"

ಅಕ್ಕಯ್ಯಮ್ಮ ಸೆರಗಿನಿಂದ ಕತ್ತು ಒರೆಸಿಕೊಂಡಳು. "ಊಂ. ತಿರುವ್ವಾಗ್ಲೇ ಗೊತ್ತಾಯ್ತು. ಒಳ್ಗೆ ಏನೋ ಬಿಚ್ಚಿದಂಗಾಯ್ತು."

"ಮತ್ತೆ ಕೂಗ್ಬಾರ್ದಾ?"

"ನೀವು ತಟ್ಟೆ ಮುಂದೆ ಕೂತಿದ್ರಲ್ಲಾ."

ಆ ಮಾತಿನಲ್ಲಿ ಆಪಾದನೆಯ ಎಳೆಯೂ ಇರಲಿಲ್ಲ. ಇದ್ದಿದ್ದರೆ ಹಿಡಿದುಕೊಳ್ಳಲು ಅವನಿಗೊಂದು ಆಸರೆಯಾದರೂ ಸಿಗುತ್ತಿತ್ತು.

ಹಿಟ್ಟು ಮೆತ್ತಿದ ಬೆರಳಿನಲ್ಲೇ ಅವನು ಆಸ್ಪತ್ರೆಗೆ ಫೋನು ಮಾಡಿದ. "ಬ್ಯಾಡ ರೀ, ಈಗೇನ್ ಏಳಾದು," ಎಂದು ಆಕೆ ಕೈ ಚಾಚಿದಳು. ಆಚೆ ನರ್ಸಿನ ದನಿ ಬಂತು.

"ಅಕ್ಕಯ್ಯಮ್ಮನ ಯಜಮಾನ್ರು. ಸೋಮವಾರ ಆಪರೇಷನ್ ಐತಲ್ಲಾ... ಹೋದ್ಸಲ ಅವ್ಳು ಕ್ಯಾನು ಎತ್ಲಿಲ್ಲ ಮೇಡಂ. ಮುದ್ದೆ ತಿರುವಿದ್ಳು. ನಂಗೋಸ್ಕರ. ಅದನ್ನ ಬರ್ಕೊಳ್ಳಿ."

"ಆಯ್ತು ಸಾರ್, ಡಾಕ್ಟರ್‌ಗೆ ಹೇಳ್ತೀನಿ. ಈ ಸಲ ಅಡ್ಗೆ ಯಾರ್ ಮಾಡ್ತಾರೆ? ಅದು ಹೇಳಿ ಮೊದ್ಲು."

ಅವನು ಹೆಂಡತಿಯ ಕಡೆ ನೋಡಿದ. ಆಕೆ ಪಾತ್ರೆಯನ್ನು ನೋಡುತ್ತಿದ್ದಳು.

"ನಾನು," ಎಂದ. ನರ್ಸಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು.

ಫೋನು ಇಟ್ಟ ಮೇಲೆ ಅಕ್ಕಯ್ಯಮ್ಮ ಪಾತ್ರೆಯತ್ತ ಗದ್ದ ಎತ್ತಿ ತೋರಿಸಿದಳು. "ಆರೋಗ್ತೈತೆ. ಆರಿದ್ರೆ ಕಟ್ಟಾಕಾಗಲ್ಲ. ಕೈ ಒದ್ದೆ ಮಾಡ್ಕೊಳ್ಳಿ."

ಬಿಸಿ ಹಿಟ್ಟು ಅಂಗೈ ಸುಟ್ಟಿತು. ಅವನು ಥಟ್ಟನೆ ಕೈ ಹಿಂದೆಗೆದ.

"ಆರು ವಾರಾ ರೀ. ಒಂದಿನ ಅಲ್ಲ."

ಆಕೆಯ ದನಿಯಲ್ಲಿ ನಂಬಿಕೆಯಿರಲಿಲ್ಲ. ಅದನ್ನು ಬೇಡುವ ಮುಖವೂ ಅವನಿಗಿರಲಿಲ್ಲ. ಕೈಯನ್ನು ಮತ್ತೆ ನೀರಿಗದ್ದಿ, ಹಬೆಯಾಡುವ ಹಿಟ್ಟಿಗೆ ಇಟ್ಟ.