ಮೊಮ್ಮಕ್ಕಳನ್ನು ಕಂಡವರ ಓಣಿ

ಕಾಕಾಗೆ ಇವತ್ತೇ ಹೇಳಿಬಿಡಲೇ? ಹೇಳಿದರೆ ಅವನ ಜೀವ ಉಳಿದೀತೋ, ಇಲ್ಲ ಇರುವ ಸಮಾಧಾನವೂ ಹೋದೀತೋ? ಬೆಟಗೇರಿಯ ಓಣಿಯೊಳಗೆ ಕಾಲಿಟ್ಟರೂ ಫಕೀರೇಶನಿಗೆ ಇದು ಬಗೆಹರಿದಿರಲಿಲ್ಲ.

ಊರಿನ ಯಾವ ಭಾಗದಲ್ಲಿ ಎಷ್ಟು ಜನ, ಯಾಕೆ ಸಾಯುತ್ತಾರೆ ಎಂದು ಮನೆಮನೆಗೆ ಹೋಗಿ ಕೇಳುವ ಕೆಲಸ ಅವನದು. ಗದಗಿನ ನೌಕರರ ಬಡಾವಣೆಯಲ್ಲೂ, ಅವನು ಹುಟ್ಟಿ ಬೆಳೆದ ಈ ಓಣಿಯಲ್ಲೂ ಸಾವಿನ ಪ್ರಮಾಣ ಹೆಚ್ಚುಕಡಿಮೆ ಒಂದೇ ಬಂದಿತ್ತು. "ಏನೂ ಫರಕ್ಕಿಲ್ಲ ಬಿಡ್ರಿ" ಎಂದು ಮೇಲಿನವರು ಕೈತೊಳೆದುಕೊಂಡಿದ್ದರು. ಆದರೆ ಬಡಾವಣೆಯ ತುಂಬ ಪಿಂಚಣಿಯ ಮುದುಕರು. ಎಂಬತ್ತು ದಾಟಿ ಸಾಯುತ್ತಿದ್ದರು. ಓಣಿಯ ತುಂಬ ಹರೆಯದವರು, ಮಕ್ಕಳು. ಇಲ್ಲಿ ಸಾವು ಎಷ್ಟೋ ಕಡಿಮೆ ಇರಬೇಕಿತ್ತು. ಆದರೂ ಇಲ್ಲಿಯವರು ಐವತ್ತು ಮುಟ್ಟುವ ಮೊದಲೇ ಹೋಗುತ್ತಿದ್ದರು. ಕಾರಣ ಕೇಳಿದರೆ ಮನೆಯವರದು ಒಂದೇ ಮಾತು: "ವಯಸ್ಸಾಗಿತ್ರಿ. ಮೊಮ್ಮಕ್ಕಳನ್ನ ಕಂಡಿದ್ರು."

ಓಣಿಯ ರೂಢಿಯೇ ಹಾಗೆ. ಮೊಮ್ಮಗುವನ್ನು ಎತ್ತಿಕೊಂಡವರದು ತುಂಬಿದ ಬಾಳು. ಅವರ ಹೆಣ ಭಜನೆಯೊಂದಿಗೆ ಹೋಗುತ್ತದೆ. ಯಾರೂ ಎದೆ ಬಡಿದುಕೊಳ್ಳುವಂತಿಲ್ಲ. ಹುಡುಗಿಯರಿಗೆ ಬೇಗ ಮದುವೆ, ಹಾಗಾಗಿ ನಲವತ್ತಕ್ಕೆಲ್ಲ ಗಂಡಸರು ಅಜ್ಜಂದಿರು. ಫಕೀರೇಶನ ಅಪ್ಪನನ್ನೂ ಹಾಗೆಯೇ ಕಳಿಸಿದ್ದರು, ಅಕ್ಕ ದುರ್ಗಾಳ ಕೂಸಿನ ಕೈಯನ್ನು ಹೆಣದ ಪಾದಕ್ಕೆ ಮುಟ್ಟಿಸಿ. ಅಪ್ಪನಿಗಾಗ ನಲವತ್ತಾರು.

ಅಪ್ಪನ ತಮ್ಮ ಉಡಚಪ್ಪ ಕಾಕಾ ಕಟ್ಟೆಯ ಮೇಲೆ ಮಗಳ ಹಸುಗೂಸನ್ನು ತೊಡೆಯಲ್ಲಿಟ್ಟುಕೊಂಡು ಕೂತಿದ್ದ. ಹತ್ತಿ ಮಿಲ್ಲಿನ ಧೂಳು ಕುಡಿದು ಕುಡಿದು ಅವನ ಎದೆ ಗೊರಗೊರ ಎನ್ನುತ್ತಿತ್ತು.

"ಬಾರಲೇ, ಸತ್ತೋರ ಲೆಕ್ಕದವ! ಇನ್ನ ನನ್ನ ಹೆಸರ ಬರ್ಕೊಂಡ್ರೂ ಅಡ್ಡಿಯಿಲ್ಲ. ಮೊಮ್ಮಗನ ಮಾರಿ ನೋಡೇನಿ."

"ಕಾಕಾ, ಹುಬ್ಬಳ್ಳಿಗೆ ಹೋಗಿ ಎದಿ ತೋರಿಸ್ಕೊಂಡ ಬರೋಣು."

"ಮುದುಕಗ ಎಂಥಾ ದವಾಖಾನಿಲೇ?"

ಒಳಗಿನಿಂದ ಅವನ ಹೆಂಡತಿ ಕರೆವ್ವ ಕೂಗಿದಳು: "ನನಗಂತೂ ಹೇಳಿ ಹೇಳಿ ಸಾಕಾತಪಾ. ನಿಮ್ಮ ಕಾಕಾ ಭಜನಿ ಮಂದಿಗೆ ಈಗಲೇ ಹೇಳಿಟ್ಟಾನ, ತಾಳಾ ತಪ್ಪಿಸಬ್ಯಾಡ್ರಿ ಅಂತ!"

ಕಾಕಾ ನಗಹೋಗಿ ಕೆಮ್ಮಿದ. ಕೆಮ್ಮು ನಿಲ್ಲಲಿಲ್ಲ. ಕೂಸು ಬೆಚ್ಚಿ ಅತ್ತಿತು, ಫಕೀರೇಶ ಎತ್ತಿಕೊಂಡ. ಉಸಿರು ಸಿಕ್ಕ ಮೇಲೆ ಕಾಕಾ ಅವನ ಮೊಣಕಾಲು ತಟ್ಟಿದ.

"ನಿಮ್ಮಪ್ಪನ ಬಾಳ್ವಿ ನೋಡು, ತುಂಬಿದ ಬಾಳ್ವಿ. ಏನೂ ಬಾಕಿ ಉಳಿಸ್ಕೊಂಡ ಹೋಗಲಿಲ್ಲವ. ಖರೆ ಹೌದಲ್ಲೋ?"

ಫಕೀರೇಶ ಕೂಸನ್ನು ಹೆಗಲಿಗೆ ಹಾಕಿಕೊಂಡ. ಕಾಕಾನ ಮಾತು ಅಲ್ಲಗಳೆದರೆ ಅಪ್ಪನ ಸಾವಿಗೆ ಹೊಸದಾಗಿ ಅಳಬೇಕಾಗುತ್ತಿತ್ತು.

"ಹೌದು ಕಾಕಾ" ಎಂದ.

ಕಾಕಾನಿಗೆ ನಲವತ್ನಾಲ್ಕು. ಬಡಾವಣೆಯಲ್ಲಿ ಆ ವಯಸ್ಸಿನವರು ಇನ್ನೂ ಮಕ್ಕಳನ್ನು ಸ್ಕೂಟರಿನಲ್ಲಿ ಶಾಲೆಗೆ ಬಿಡುತ್ತಿರುತ್ತಾರೆ.

ಶ್ರಾವಣ ಮುಗಿಯುವ ಮೊದಲೇ ಕಾಕಾ ತೀರಿಕೊಂಡ. ನೀನು ಮುದುಕನಲ್ಲ, ಅಪ್ಪನೂ ಮುದುಕನಾಗಿರಲಿಲ್ಲ ಎಂದು ಫಕೀರೇಶ ಅವನಿಗೆ ಕೊನೆಗೂ ಹೇಳಲಿಲ್ಲ.